ಅಮಸಿದ್ದ ಓದುವ ಒಂದೇ ಪುಟ

ಸಿಂದಗಿಯ ನಮ್ಮ ಕಾಲೇಜಿನಲ್ಲಿ ಮಕ್ಕಳ ನಕಲು ಹಿಡಿಯಲು ಕಂಪ್ಯೂಟರ್ ಬೇಕಿಲ್ಲ, ಅಮಸಿದ್ದ ಇದ್ದಾನೆ. ಅಟೆಂಡರ್. ಕೊನೆಯ ವರ್ಷದವರ ಪ್ರಾಜೆಕ್ಟುಗಳನ್ನು ದಬ್ಬಣ, ದಾರ ಹಿಡಿದು ಹೊಲಿದು ರಟ್ಟು ಹಾಕಿಕೊಡುವುದು ಇಪ್ಪತ್ತೆರಡು ವರ್ಷಗಳಿಂದ ಅವನದೇ ಕೆಲಸ. ಹೊಲಿಯುವ ಮುಂಚೆ ಒಂದೇ ಒಂದು ಪುಟ ಓದುತ್ತಾನೆ, ಕೃತಜ್ಞತೆಯದು. ತನ್ನ ಹೆಸರನ್ನು ಯಾರಾದರೂ ಬರೆದಿದ್ದಾರೆಯೇ ಎಂಬ ಆಸೆ. ಒಬ್ಬರೂ ಬರೆದಿರಲಿಲ್ಲ.

ನಮ್ಮ ಮಕ್ಕಳು ಇಂಟರ್ನೆಟ್ಟಿನಿಂದ ಇಡೀ ಪ್ರಾಜೆಕ್ಟ್ ಇಳಿಸಿಕೊಂಡು ಮೇಲಿನ ಹೆಸರಷ್ಟೇ ಬದಲಿಸುತ್ತಾರೆ. ಕೃತಜ್ಞತೆಯ ಪುಟ ತಿರುವಿಯೂ ನೋಡುವುದಿಲ್ಲ, ಸೋಮಾರಿಗಳು. ಹೋದ ವರ್ಷ ದೇವಣಗಾಂವದ ಸಂಜೀವಕುಮಾರ ಮಂಗಳೂರಿನ ದೋಣಿ ಮಾಲೀಕರಿಗೆಲ್ಲ ಧನ್ಯವಾದ ಹೇಳಿದ್ದ. ಅಮಸಿದ್ದ ಅವನನ್ನು ಕರೆದು, “ತಮ್ಮಾ, ಮಂಗಳೂರಿಗೆ ಯಾವಾಗ ಹೋಗಿದ್ದಿ?” ಎಂದು ಕೇಳಿದ. ಹುಡುಗ ಕಟ್ಟು ಎತ್ತಿಕೊಂಡು ಹೋಗಿ ಹೊಸದಾಗಿ ಬರೆದು ತಂದ.

ಈ ವರ್ಷ ಅಮಸಿದ್ದನ ಮಗಳು ಸುರೇಖಾಳ ಸರದಿ. ಅವರ ಮನೆತನದಲ್ಲಿ ಡಿಗ್ರಿಯ ಹತ್ತಿರ ಬಂದವಳು ಅವಳೊಬ್ಬಳೇ. ಒಪ್ಪಿಸಿದ ಪ್ರಾಜೆಕ್ಟಿನಲ್ಲಿ ನಕಲು ಸಿಕ್ಕರೆ ಫೇಲು ಎಂದು, ಅಂಕ ಹಾಕುವ ಮೇಷ್ಟ್ರಾದ ನಾನೇ ನಿಯಮ ಮಾಡಿದ್ದೆ. ಅದು ಅವನಿಗೂ ಗೊತ್ತು.

ಒಪ್ಪಿಸಲು ಆರು ದಿನ ಉಳಿದಿರುವಾಗ ಅವನು ಬಿಡಿ ಹಾಳೆಗಳ ಕಟ್ಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ.

“ಸರ್, ನನಗ ಪ್ರಮೋಷನ್ ಆಗೈತ್ರಿ. ಯಾರೂ ಹೇಳೇ ಇಲ್ಲ.”

ಕೃತಜ್ಞತೆಯ ಪುಟದಲ್ಲಿ ‘ಬ್ಯಾಂಕ್ ಮ್ಯಾನೇಜರ್ ಆಗಿರುವ ನನ್ನ ಪೂಜ್ಯ ತಂದೆಯವರಿಗೆ ಚಿರಋಣಿ’ ಎಂದಿತ್ತು. ಕೆಳಗೆ ಸುರೇಖಾಳ ಹೆಸರು. ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಆದರೆ ಕಟ್ಟಿನ ಮೇಲಿಂದ ಕೈ ತೆಗೆಯಲಿಲ್ಲ.

“ಸುಮ್ನ ಹೊಲದ್ ಬಿಟ್ಟಿದ್ರ ನನಗ ಗೊತ್ತಾಗ್ತಿರಲಿಲ್ಲ, ಅಮಸಿದ್ದ” ಎಂದೆ.

“ಮಂದಿ ಮಕ್ಕಳನ್ನ ಹಿಡದೇನ್ರಿ. ನನ್ನ ಮಗಳನ್ನ ಹೆಂಗ ಬಿಡ್ಲಿ? ಆದ್ರ ಆಕಿನ್ನ ಫೇಲ್ ಮಾಡಬ್ಯಾಡ್ರಿ.”

ಅವನ ಮೇಲೆ ನನಗೆ ಅಕ್ಕರೆ ಉಕ್ಕಿತು. ತೋರಿಸಿಕೊಳ್ಳದೆ ಗದರಿದೆ. “ಹೊಲಿಗಿನೇ ಆಗಿಲ್ಲ ಅಂದ್ರ ಅದು ನನ್ನ ಕೈಗೆ ಬಂದಿಲ್ಲ. ತಗೊಂಡ್ ಹೋಗು. ಇನ್ನೂ ಆರು ದಿನ ಅದಾವು.”

ಸುರೇಖಾ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳಂತೆ. ಮೂರನೆಯ ದಿನ ದೇವರ ಹಿಪ್ಪರಗಿಯ ಬಸ್ಸು ಹತ್ತಿದಳು. ಅಲ್ಲಿ ಕುರಿ ಕಾಯುವ ಅಜ್ಜಿ ಶೇವಂತೆವ್ವನನ್ನು ಮುಂದೆ ಮಾಡಿಕೊಂಡು ಮನೆ ಮನೆ ತಿರುಗಿ, ಕುರಿಗಾರರ ಹೆಣ್ಣುಮಕ್ಕಳು ಓದು ಬಿಡುವುದು ಯಾವ ತಿಂಗಳಲ್ಲಿ, ಯಾಕೆ ಎಂದು ಕೇಳಿ ಬರೆದುಕೊಂಡಳು. ಕೊನೆಯ ದಿನ ಮೂವತ್ತೊಂದು ಪುಟದ ಪ್ರಾಜೆಕ್ಟ್ ನನ್ನ ಕೈಗೆ ಬಂತು.

ನಾನೂ ಮೊದಲು ಕೃತಜ್ಞತೆಯ ಪುಟವನ್ನೇ ತೆರೆದೆ. ‘ನಮ್ಮ ಅಪ್ಪ ಅಮಸಿದ್ದ, ಇದೇ ಕಾಲೇಜಿನ ಅಟೆಂಡರ್. ನನ್ನ ಮೊದಲಿನ ಪ್ರಾಜೆಕ್ಟನ್ನು ಹೊಲಿಯದೆ ಬಿಟ್ಟಿದ್ದಕ್ಕೆ ಅವರಿಗೆ ಧನ್ಯವಾದ.’

ಎಲ್ಲರ ಕಟ್ಟಿಗೂ ಅಮಸಿದ್ದ ಹಾಕುವುದು ಮೂರು ತೂತು. ಇದಕ್ಕೆ ಒಂಬತ್ತು ಹಾಕಿ ಎಷ್ಟು ಬಿಗಿದಿದ್ದನೆಂದರೆ, ಓದುವಾಗ ಪುಟ ಮಡಚಿಕೊಳ್ಳದಂತೆ ನಾನು ಎರಡೂ ಕೈ ಊರಿ ಕೂರಬೇಕಾಯಿತು.