ಕರೆಂಟ್ ಹೋದಾಗ ಕಮಲಳಿಗೆ ಕೇಳಿಸಿದ್ದು

ಕಿವಿ ಹೋದವರಿಗೆ ಮಾತು ಕೇಳಿಸುವ ಯಂತ್ರ ಎಂದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ತಂಗಿ ಕಮಲ ಶಾಲೆಗೆ ಹೋಗುವ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಎರಡೂ ಕಿವಿ ಕಳೆದುಕೊಂಡವಳು. ಎಷ್ಟೋ ಮಷಿನ್ ಹಾಕಿಸಿದೆವು, ಒಂದೂ ಉಪಯೋಗಕ್ಕೆ ಬರಲಿಲ್ಲ. ಮಾರಿದವರು ಮಾತ್ರ ಪ್ರತಿ ಸಲವೂ ಭರವಸೆ ಕೊಟ್ಟೇ ಮಾರಿದರು. ಅವಳು ನಮ್ಮ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಹಾಗಾಗಿ ಬೆಂಗಳೂರಿನ ಬಿಟಿಎಂ ಲೇಔಟ್‌ನ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಅವಳೊಂದಿಗಿನ ಮಾತೂ ನಿಂತುಹೋಗುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ಮಲ್ಲಿಕಾರ್ಜುನ ಬಾಡಿಗೆಗಿದ್ದ. ಆಸ್ಪತ್ರೆಗಳ ಸ್ಕ್ಯಾನಿಂಗ್ ಮಷಿನ್ ರಿಪೇರಿ ಅವನ ಕೆಲಸ. ಒಂದು ಸಂಜೆ ತಾನೇ ಜೋಡಿಸಿದ, ಕೈಮೈಕ್ ಇದ್ದ ಬ್ಯಾಟರಿ ಪೆಟ್ಟಿಗೆಯೊಂದನ್ನು ತಂದು, ಅದರ ತಂತಿಯ ತುದಿಯಲ್ಲಿದ್ದ ಬಿಲ್ಲೆಯನ್ನು ಕಮಲಳ ಕಿವಿಯ ಹಿಂದೆ ಒತ್ತಿ ಕಟ್ಟಿದ.

"ಅಲ್ಟ್ರಾಸೌಂಡ್ ರೀ ಅಂಕಲ್. ಮೈಕಿನ್ಯಾಗ ಮಾತಾಡಿದ್ದು ಅದರ ಮ್ಯಾಲೆ ಕುಂತು ಎಲುಬಿನ್ಯಾಗ ಹೋಗ್ತೈತಿ."

"ಅದು ಹೊಟ್ಟೆ ನೋಡೋಕಲ್ವೇನಯ್ಯಾ?" ಎಂದೆ.

ಬಿಲ್ಲೆಯನ್ನು ಕಿತ್ತು ಅಂಗೈಯಲ್ಲಿ ಮುಚ್ಚಿ ಹಿಡಿದೆ. ಕಿವಿ ಮಷಿನ್ನನ್ನು ನಾವು ಪರೀಕ್ಷಿಸುತ್ತಿದ್ದುದು ಹಾಗೆಯೇ. ಸರಿಯಿದ್ದರೆ ಕುಯ್ಯೆಂದು ಸಿಳ್ಳೆ ಬರಬೇಕು. ಇದರಲ್ಲಿ ಉಸಿರೇ ಇಲ್ಲ. "ಸತ್ತ ಡಬ್ಬ" ಎಂದು ಹಿಂದಿರುಗಿಸಿದೆ.

"ಇದಕ್ಕ ಸಿಳ್ಳಿ ಇರೂದಿಲ್ರೀ, ಇದರ ಸಪ್ಪಳ ನಮ್ಮ ಕಿವಿಗೆ ಕೇಳೂದಿಲ್ಲ" ಎನ್ನುತ್ತ ಅವನು ಮತ್ತೆ ಕಟ್ಟಿದ. ಅಷ್ಟರಲ್ಲಿ ಕರೆಂಟ್ ಹೋಯಿತು.

ಮುಖಕ್ಕೆ ಮುಖ ಕಾಣದ ಕತ್ತಲು. ಮಲ್ಲಿಕಾರ್ಜುನ ಮೈಕಿನಲ್ಲಿ, "ಅಕ್ಕಾ, ನನಗ ಚಾ ಸಕ್ರಿ ಇಲ್ಲದಂಗ ಮಾಡ್ರಿ" ಎಂದ.

"ಯಾಕೋ, ಶುಗರ್ ಬಂತಾ?" ಎಂದು ಕಮಲ ನಕ್ಕಳು.

ಒಂದು ಕ್ಷಣ ನಂಬಿಯೇಬಿಟ್ಟೆ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಇಬ್ಬರೂ ಮೊದಲೇ ಮಾತಾಡಿಕೊಂಡು ನಾಟಕ ಆಡುತ್ತಿದ್ದಾರೆ ಎಂದೇ ತಿಳಿದೆ. ತಡಕಾಡಿ ಅವನ ಕೈಯ ಮೈಕನ್ನು ಕಿತ್ತುಕೊಂಡು, "ಕಿವುಡಿ ಸಿಕ್ಕಿದಳು ಅಂತ ಆಟ ಆಡ್ತೀಯೇನೋ? ಮನೆ ಖಾಲಿ ಮಾಡು!" ಎಂದು ಕೂಗಾಡಿದೆ.

ಕತ್ತಲಿನಿಂದ ಕಮಲಳ ದನಿ ಬಂತು: "ಅಣ್ಣಾ, ಕಿವುಡಿ ಅಂದ್ಯಾ?"

ನಮ್ಮ ಮನೆಯಲ್ಲಿ ಯಾರೂ ಆ ಪದ ಆಡಿದವರಲ್ಲ. ಕರೆಂಟ್ ಬಂದಾಗ ಬಿಲ್ಲೆ ಅವಳ ಮಡಿಲಲ್ಲಿತ್ತು. ಮತ್ತೆ ಕಟ್ಟಿಸಿಕೊಳ್ಳಲು ಅವಳು ಒಪ್ಪಲಿಲ್ಲ. ಮಲ್ಲಿಕಾರ್ಜುನ ಪೆಟ್ಟಿಗೆ ಸಮೇತ ಮನೆ ಬಿಟ್ಟುಹೋದ.

ಆಮೇಲೆ ಕಮಲಳನ್ನು ಒಬ್ಬ ಕಿವಿಯ ಡಾಕ್ಟರ ಬಳಿ ಕರೆದೊಯ್ದು, ಹೀಗೆ ಕೇಳಿಸುವುದು ಸಾಧ್ಯವೇ ಎಂದು ಕೇಳಿದೆ. ಅವಳತ್ತ ತಿರುಗಿಯೂ ನೋಡದೆ, "ಚಾನ್ಸೇ ಇಲ್ಲ ಸಾರ್, ಈ ಕಿವಿಗೆ ಏನೂ ಕೇಳ್ಸಲ್ಲ" ಎಂದರು. ಅವರ ಮೇಲೂ ನನಗೆ ಸಿಟ್ಟಿದೆ, ನನ್ನ ಮೇಲಿರುವಷ್ಟಲ್ಲ. ಕೇಳಿಸದಿದ್ದರೆ ಆ ಪದ ಅವಳನ್ನು ಮುಟ್ಟಿದ್ದು ಹೇಗೆ? ಇಂದಿಗೂ ನನಗೆ ತಿಳಿಯದು.

ಈಗಲೂ ಕರೆಂಟ್ ಹೋದರೆ, ಕಮಲಳೊಂದಿಗೆ ಮಾತಾಡಲೆಂದು ಟಾರ್ಚಿನ ಬೆಳಕನ್ನು ನನ್ನ ತುಟಿಗೆ ಹಿಡಿದುಕೊಳ್ಳುತ್ತೇನೆ. ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ.