ಆಸ್ಪತ್ರೆ ವಾಸನೆಯ ನೀರು

ಹೋದ ವಾರ ಶಿವನಿ ಸ್ಟೇಷನ್ನಿನಲ್ಲಿ ರೈಲಿಳಿದೆ. ಚಿಕ್ಕಮ್ಮ ಒಂದು ಲೋಟ ನೀರು ಕೊಟ್ಟಳು. ಬಾಯಿಗಿಟ್ಟೆ. ಥೂ! ಉಗುಳಿಬಿಟ್ಟೆ. ತುಟಿ ಉರಿದು, ಆಮೇಲೆ ಜೋಮು ಹಿಡಿಯಿತು.

"ಯಾಕೋ? ಆಸ್ಪತ್ರೆ ವಾಸನೆ ಕಣೋ, ಒಳ್ಳೇದು" ಅಂದಳು.

ಗೌರಮ್ಮ ಚಿಕ್ಕಮ್ಮ ಪ್ರತಿ ಬೇಸಿಗೆ ಸ್ಟೇಷನ್ ಎದುರು ಅರವಟ್ಟಿಗೆ ಇಡುತ್ತಾಳೆ. ದಾರಿಹೋಕರಿಗೆಲ್ಲ ಪುಕ್ಕಟೆ ನೀರು, ಮಜ್ಜಿಗೆ. ಗಂಡ ಸತ್ತ ಮೇಲೆ ಅವಳಿಗೆ ಉಳಿದ ಒಂದೇ ಹೆಮ್ಮೆ ಅದು. ಈ ಸಲ ನೀರಿನ ಗುಡಾಣ ಒಡೆದುಹೋಯ್ತು. ಪ್ಲೇಗ್ ಕ್ಯಾಂಪಿನ ಹಿಂದೆ ಬಿದ್ದಿದ್ದ, ಔಷಧದ ಖಾಲಿ ಪೀಪಾಯಿ ತಂದು ನೀರು ತುಂಬಿಸಿದಳು. ತೊಳೆದಳೇ? ಮೇಲೆ ಮೇಲೆ. ಪೂರ್ತಿ ತೊಳೆದರೆ ವಾಸನೆ ಹೋಗಿಬಿಡುತ್ತಲ್ಲ!

(ನಗಬೇಡಿ.) ಪ್ಲೇಗ್ ಬಂದಾಗ ಸ್ಯಾನಿಟರಿ ಇನ್‌ಸ್ಪೆಕ್ಟರ್ ಸಾಹೇಬರು ಮನೆಮನೆಗೆ ಆ ಔಷಧವನ್ನೇ ಚೆಲ್ಲಿಸಿ, "ಈ ವಾಸನೆ ಇದ್ದಲ್ಲಿ ರೋಗ ಬರೋದಿಲ್ಲ" ಅಂತ ತಮಟೆ ಹೊಡೆಸಿದ್ದರು. ಚಿಕ್ಕಮ್ಮ ನಂಬಿದಳು. ಸರ್ಕಾರದ ಮಾತು ನಂಬುವುದೂ ತಪ್ಪೇ?

ಅಷ್ಟರಲ್ಲಿ ಆ ನೀರು ಕುಡಿದಿದ್ದ ಹಿರೇನಲ್ಲೂರಿನ ಇಬ್ಬರು ಗಾಡಿಯವರು ವಾಂತಿ ಮಾಡಿಕೊಂಡು ಬಿದ್ದರು. ಕಡೂರಿನಿಂದ ಡಾಕ್ಟರು ಬಂದು, ಪುಣ್ಯಕ್ಕೆ, ಇಬ್ಬರನ್ನೂ ಉಳಿಸಿದರು. ಆಮೇಲೆ ಪೀಪಾಯಿ ನೀರನ್ನು ಗಾಜಿನ ಕೊಳವೆಗೆ ಹಾಕಿ, ಯಾವುದೋ ಹಳದಿ ಔಷಧ ಒಂದೆರಡು ಹನಿ ಬಿಟ್ಟರು. ನೀರು ನೇರಳೆ ಬಣ್ಣಕ್ಕೆ ತಿರುಗಿತು.

"ಕಾರ್ಬಾಲಿಕ್ ಆಸಿಡ್ ಕಣ್ರೀ. ಕಲ್ಲಿದ್ದಲಿನ ಟಾರಿನಿಂದ ತೆಗೀತಾರೆ. ಸೋಪಿಗೆ ಹಾಕ್ತಾರೆ, ಬಣ್ಣಕ್ಕೆ ಹಾಕ್ತಾರೆ, ಎಲೆಕ್ಟ್ರಿಕ್ ಸ್ವಿಚ್ಚಿಗೂ ಬೇಕು. ಯುದ್ಧದಲ್ಲಿ ಇದರಿಂದಲೇ ಬಾಂಬಿನ ಮದ್ದು ಮಾಡಿದ್ರು."

ಬಾಂಬಿನ ಮದ್ದು! ಅದನ್ನು ನಮ್ಮ ಅಡುಗೆಮನೆಗೆ ಚೆಲ್ಲಿಸುವಾಗ ವಿಷ ಅಂತ ಒಬ್ಬನಾದರೂ ಬಾಯಿ ಬಿಟ್ಟಿದ್ದನೇ? ಪೀಪಾಯಿ ಮೇಲೆ ಬರೆದಿತ್ತಂತೆ. ಇಂಗ್ಲಿಷಿನಲ್ಲಿ.

ಮಾರನೇ ದಿನ ಇನ್‌ಸ್ಪೆಕ್ಟರ್ ಬಂದರು. "ಬುದ್ಧಿಯಿಲ್ಲದ ಜನ" ಅಂದರು.

"ನೀವೇ ಹೇಳಿದ್ರಲ್ಲ ಸ್ವಾಮಿ, ಒಳ್ಳೇದು ಅಂತ?" ಚಿಕ್ಕಮ್ಮ ಕೇಳಿದಳು.

"ಕುಡೀರಿ ಅಂದಿದ್ನೇನಮ್ಮಾ?"

ಅಷ್ಟೇ. ಕುದುರೆಗಾಡಿ ಹತ್ತಿ ಹೊರಟೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯ್ತು.

ಚಿಕ್ಕಮ್ಮ ಹೊಸ ಗುಡಾಣ ತಂದಿದ್ದಾಳೆ. ನೀರು ಸಿಹಿನೀರಿನ ಬಾವಿಯದು. ರೈಲು ಬಂದಾಗೆಲ್ಲ ಲೋಟ ಹಿಡಿದು ನಿಲ್ಲುತ್ತಾಳೆ, ತಾನೇ ಮೊದಲು ಕುಡಿದು ತೋರಿಸುತ್ತಾಳೆ. ಜನ ಆಚೆ ಬದಿಯಿಂದ ಹೋಗುತ್ತಾರೆ. "ವಿಷ ಹಾಕಿದವಳು" ಅಂತ ಅವಳ ಕಿವಿಗೆ ಬೀಳುವ ಹಾಗೇ ಅನ್ನುತ್ತಾರೆ.

ಇನ್‌ಸ್ಪೆಕ್ಟರ್ ಸಾಹೇಬರೇ, ಆ ವಾಸನೆ ಒಳ್ಳೇದು ಅಂತ ಊರಿಗೆಲ್ಲ ನಂಬಿಸಿದವರು ನೀವು. ಒಂದು ಸಲ ನಾಲ್ಕು ಜನರೆದುರು ಅವಳ ಕೈಯಿಂದ ಒಂದು ಲೋಟ ನೀರು ಕುಡಿಯುತ್ತೀರಾ?