ಕರಿಬಸಪ್ಪನವರು ಡಿಸ್ಕು ಬರೆದ ಮಧ್ಯಾಹ್ನ

ಕೊಟ್ಟ ಮಾತಿಗೆ ತಪ್ಪದವರು, ಕೇಳಿದ ಗುಟ್ಟನ್ನು ನಾಲಗೆಗೆ ತಾರದವರು, ಇಷ್ಟಲಿಂಗದ ಪೂಜೆ ಮುಗಿಯದೆ ತುತ್ತನ್ನು ಮುಟ್ಟದವರು, ಅಕ್ಷರ ಬಾರದವರು ಅತ್ತುದನ್ನೆಲ್ಲ ಕೇಳಿ ಆಡಿದುದನ್ನಷ್ಟೇ ಅರ್ಜಿಯಲ್ಲಿ ಬರೆಯುವವರು, ಇಂಥವರಾಗಿ ಟಿ. ದಾಸರಹಳ್ಳಿಯ ಮೆಟ್ರೊ ಕಂಬಗಳ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷ ಬೆರಳಚ್ಚಿನ ಅಂಗಡಿ ನಡೆಸಿದವರು ರಾಣೆಬೆನ್ನೂರು ಕಡೆಯ ಕರಿಬಸಪ್ಪನವರು. ಪೀಣ್ಯದ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ಎಷ್ಟೋ ಅರ್ಜಿಗಳು ಅವರ ಬೆರಳುಗಳಿಂದ ಹೊರಟಿವೆ.

ಹಾಗೆ ಅರ್ಜಿ ಬರೆಸಲು ಬಂದ ಶೇಖವ್ವನ ಬಲಗೈಯನ್ನು ಪ್ರೆಸ್ ಯಂತ್ರವು ಮಣಿಕಟ್ಟಿನವರೆಗೆ ಕೊಂಡೊಯ್ದಿತ್ತು. ಆಕೆಯೇ ಅಜಾಗ್ರತೆಯಿಂದ ಕೈಯಿಟ್ಟಳೆಂದು ಕಾರ್ಖಾನೆ ವಾದಿಸಿತು. ಯಂತ್ರದ ಕಾವಲು ಜಾಲರಿಯನ್ನು ಮೊದಲೇ ಕಳಚಿದ್ದರೆಂಬುದಕ್ಕೆ ಕ್ಯಾಮೆರಾದಲ್ಲಿ ಸೆರೆಯಾದ ನಾಲ್ಕು ನಿಮಿಷದ ದೃಶ್ಯವೊಂದೇ ಸಾಕ್ಷಿ. ತಿದ್ದಲಾಗದ ಸಿ.ಡಿ. ಡಿಸ್ಕಿನಲ್ಲಿ ಅದನ್ನು ಬರೆದು ಆ ದಿನ ಮಧ್ಯಾಹ್ನ ಮೂರರೊಳಗೆ ಒಪ್ಪಿಸಬೇಕೆಂದು ವಿಚಾರಣಾಧಿಕಾರಿ ಆದೇಶಿಸಿದ್ದರು. ತಪ್ಪಿದರೆ ಸಾಕ್ಷಿಯಿಲ್ಲದೆಯೇ ತೀರ್ಪು.

ಹಳೆಯ ಕಂಪ್ಯೂಟರು ಹಿಂದಿನ ವಾರವೇ ನಿಂತುಹೋಗಿತ್ತು. ಹೊಸ ಲ್ಯಾಪ್‌ಟಾಪಿಗೆ ಡಿಸ್ಕಿನ ಬಾಯೇ ಇಲ್ಲ. ವೈರಿನಿಂದ ಜೋಡಿಸಿ ಡಿಸ್ಕು ಬರೆಯುವ ಬೇರೊಂದು ಪೆಟ್ಟಿಗೆಯನ್ನು ಕೊಳ್ಳಬೇಕಾಯಿತು. ಮೊದಲ ಡಿಸ್ಕು ಅರ್ಧಕ್ಕೆ ನಿಂತಿತು. ಎರಡನೆಯದು ಪೂರ್ತಿ ಬರೆದಂತೆ ತೋರಿ, ತೆರೆದಾಗ ಬರಿದಾಗಿತ್ತು. ಕರಿಬಸಪ್ಪನವರು ವೈರನ್ನು ಬದಲಿಸಿದರು, ವಿದ್ಯುತ್ತು ಸಾಲದೇನೋ ಎಂದು ಲ್ಯಾಪ್‌ಟಾಪಿನ ಎರಡು ಕಿಂಡಿಗಳಿಗೂ ಚುಚ್ಚಿದರು, ಬರೆಯುವ ವೇಗವನ್ನು ತಗ್ಗಿಸಿದರು, ಬೇರೆ ಕಂಪನಿಯ ಡಿಸ್ಕು ತರಿಸಿದರು. ಒಂದು ಗಂಟೆಯ ವೇಳೆಗೆ ಮೇಜಿನ ತುಂಬ ಕುರುಡುಗನ್ನಡಿಗಳಂತೆ ಕೆಟ್ಟ ಡಿಸ್ಕುಗಳು ಬಿದ್ದಿದ್ದವು, ಉಳಿದುದು ಒಂದೇ.

ಆಗ ಕಾರ್ಖಾನೆಯ ಸೂಪರ್‌ವೈಸರ್ ವಿನಾಯಕ್ ಬಂದು, ಕರೆಯದೆಯೇ ಸ್ಟೂಲಿನ ಮೇಲೆ ಕುಳಿತನು.

“ಏನ್ ಸಾರ್, ಹೊಸ ಲ್ಯಾಪ್‌ಟಾಪು ಕೈ ಕೊಡ್ತಾ?”

ಮೇಜಿನ ಬದಿಯಲ್ಲಿ ಕಾದು ಕುಳಿತಿದ್ದ ಶೇಖವ್ವ ಮೊಂಡುಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

“ಬಿಟ್ಬಿಡಿ ಸಾರ್. ಮೂರು ಗಂಟೆ ಆದ್ಮೇಲೆ ಅದು ಬರೀ ಪ್ಲಾಸ್ಟಿಕ್ ತಟ್ಟೆ. ನಿಮ್ ಅಂಗಡಿ ಓನರ್ರೂ ನಮ್ ಸಾಹೇಬ್ರೂ ದಿನಾ ಒಟ್ಟಿಗೆ ವಾಕಿಂಗ್ ಹೋಗ್ತಾರೆ, ಗೊತ್ತಲ್ಲ?”

“ಗೊತ್ತೈತಿ” ಎಂದರು ಕರಿಬಸಪ್ಪನವರು. “ಬಾಗಿಲ ಬಿಟ್ಟು ಕುಂದರ್ರಿ, ಬೆಳಕು ಬೇಕು.”

ವಿನಾಯಕ್ ನಕ್ಕು ಹೊರಗೆ ಹೋದನು. ಆದರೆ ಓಣಿಯನ್ನು ಬಿಡಲಿಲ್ಲ. ಎದುರಿನ ಗೋಡೆಗೊರಗಿ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತ, ಅಂಗಡಿಯ ಷಟರನ್ನೇ ನೋಡುತ್ತಿದ್ದನು.

ಬುತ್ತಿ ತಂದ ಮಡದಿ ಮಹಾದೇವಿಯವರು, ಹೊರಚಾಚಿದ ಡಿಸ್ಕಿನ ತಟ್ಟೆಯ ಮೇಲೆ ಬಗ್ಗಿ ನೋಡಿದರು.

“ರೀ, ಇದರಾಗ ವಿಭೂತಿ ಹಚ್ಚಿದೋರು ಯಾರು?”

“ನಾನಽ. ಸೋಮವಾರ ಪೂಜಿ ಮಾಡಿದೆನಲ್ಲ. ಅದರ ಕಣ್ಣು ಕಂಡ್ತು, ಹಚ್ಚಿದೆ.”

“ಕಣ್ಣಿಗೆ ಯಾರರ ವಿಭೂತಿ ಹಚ್ಚತಾರೇನು? ಹಣೀಗೆ ಹಚ್ಚತಾರ.”

ಹೊಸತು ಯಾವುದೇ ಬರಲಿ, ವಿಭೂತಿ ಧರಿಸದೆ ಆ ಮನೆಯಲ್ಲಿ ಕೆಲಸಕ್ಕೆ ಇಳಿಯುವುದಿಲ್ಲ. ಬೆಳಕು ಚೆಲ್ಲಿ ಡಿಸ್ಕನ್ನು ಬರೆಯುವ ಗಾಜಿನ ಕಣ್ಣಿನ ಮೇಲೆಯೇ ಅವರು ಮೂರು ಬೆರಳನ್ನೆಳೆದಿದ್ದರು. ಬೂದಿಯು ಬೆಳಕನ್ನು ಮುಚ್ಚಿತ್ತು. ಕಾರಣ ತಿಳಿದರೂ ಕರಿಬಸಪ್ಪನವರ ಕೈ ಮುಂದಾಗಲಿಲ್ಲ. ಶಿವನ ಹೆಸರಿನಲ್ಲಿ ಇಟ್ಟುದನ್ನು ಇಂಥ ಗಳಿಗೆಯಲ್ಲಿ ಒರೆಸುವುದೆಂತು?

“ಆಕಿ ಕೈ ನೋಡ್ಯಾನ ಶಿವ. ಸಿಟ್ಟಾಗೂದಿಲ್ಲ, ಒರಸ್ರಿ” ಎಂದರು ಮಹಾದೇವಿಯವರು.

ಬತ್ತಿಯ ಹತ್ತಿಯನ್ನು ಕಡ್ಡಿಗೆ ಸುತ್ತಿ, ಗಾಜನ್ನು ಮೆಲ್ಲನೆ ಒರೆಸಿ, ಕರಿಬಸಪ್ಪನವರು ಕೊನೆಯ ಡಿಸ್ಕನ್ನಿಟ್ಟರು. ಪೆಟ್ಟಿಗೆ ನರಳಿತು, ತಡೆಯಿತು, ಮತ್ತೆ ತಿರುಗಿತು. ಎರಡು ಗಂಟೆಗೆ ಪರದೆಯ ಮೇಲೆ ಜಾಲರಿಯಿಲ್ಲದ ಯಂತ್ರ ಕಾಣಿಸಿತು. ಅದರ ಮುಂದೆ ಎರಡು ಕೈಗಳ ಶೇಖವ್ವ. ಈ ಶೇಖವ್ವ ಗೋಡೆಯ ಕಡೆಗೆ ತಿರುಗಿ ಕುಳಿತಳು.

ಷಟರಿಗೆ ಬೀಗವಿಕ್ಕಿ, ಲ್ಯಾಪ್‌ಟಾಪನ್ನು ಚೀಲದಲ್ಲಿ ಹೊತ್ತು ಮೂವರೂ ವಿಚಾರಣಾಧಿಕಾರಿಯ ಕಚೇರಿಗೆ ಹೋದರು. ಮೂರಕ್ಕೆ ಹತ್ತು ನಿಮಿಷವಿರುವಾಗ ಗುಮಾಸ್ತನು ಡಿಸ್ಕನ್ನು ಓಡಿಸಿ ನೋಡಿ, ರಸೀತಿಗೆ ಮುದ್ರೆಯೊತ್ತಿದನು.

ಹಿಂದಿರುಗಿದಾಗ ಓಣಿಯಲ್ಲಿ ವಿನಾಯಕ್ ಇರಲಿಲ್ಲ. ಅವರ ಬೀಗದ ಮೇಲೆ ಮತ್ತೊಂದು ಬೀಗವಿತ್ತು, ಹೊಸತು, ದೊಡ್ಡದು. ಅಂಗಡಿಯ ಮಾಲೀಕರು ಫೋನು ಎತ್ತಲಿಲ್ಲ.

“ಅಣ್ಣಾರ, ನನ್ನ ಸಲುವಾಗಿ ಇದು…” ಎಂದಳು ಶೇಖವ್ವ.

“ಹೊಟ್ಟಿ ಹಸದೈತಿ. ನಡೀರಿ ಮನೀಗೆ” ಎಂದರು ಮಹಾದೇವಿಯವರು.

ತೀರ್ಪು ಇನ್ನೂ ಬಂದಿಲ್ಲ. ಆ ಬೀಗವೂ ತೆರೆದಿಲ್ಲ. ಕರಿಬಸಪ್ಪನವರು ಈಗ ಮನೆಯ ಪಡಸಾಲೆಯಲ್ಲಿ ಕುಳಿತು ಅರ್ಜಿ ಬರೆಯುತ್ತಾರೆ. ಅವರ ಬೆರಳುಗಳ ಬಲ ಕುಂದದಿರಲಿ. ಮಹಾದೇವಿಯವರ ಒಲೆ ಆರದಿರಲಿ. ಆ ಹೊಸ್ತಿಲನ್ನು ದಾಟಿ ಬರುವ ಕೇಡನ್ನು ಶಿವನು ಹೊರಗೇ ನಿಲ್ಲಿಸಲಿ.